ಮುರ್ಡೊ ಟಲಕ್‌ನ ನಾಲ್ಕು ಬಕಲಿನ ಬೆಲ್ಟು

ಕಿರ್ಕ್‌ಲಾರಿಯ ಡಾಲ್‌ಗ್ಲೀಶ್ ಅಂಗಡಿಯಲ್ಲಿ ಬಾಡಿಗೆ ಕಿಲ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದವನು ನಾನು. ಕಿಲ್ಟೆಂದರೆ ನಮ್ಮ ಕಡೆ ಗಂಡಸರು ಸೊಂಟಕ್ಕೆ ಸುತ್ತುವ ಮೊಣಕಾಲುದ್ದದ ಉಣ್ಣೆಯ ಲಂಗ, ಅದರ ನಿರಿಗೆಯೆಲ್ಲ ಹಿಂದುಗಡೆ ಇರುತ್ತದೆ. ಶನಿವಾರದ ಮದುವೆಗಳಿಗೆ ಹೋದ ಕಿಲ್ಟುಗಳು ಸೋಮವಾರ ವಿಸ್ಕಿ, ಕೇಕಿನ ಕೆನೆ, ಯಾರದೋ ಕಣ್ಣೀರು ಎಲ್ಲ ಬಳಿದುಕೊಂಡು ನನ್ನ ಮೇಜಿಗೆ ಬಂದು ಬೀಳುತ್ತಿದ್ದವು. ಊರಿನ ಗಂಡಸರ ಹಿಂಭಾಗವನ್ನು ನೇರ ಮಾಡುವುದರಲ್ಲೇ ನನ್ನ ಯೌವನ ಕಳೆಯಿತು ಎಂದು ನಾನೇ ಹೇಳಿಕೊಂಡು ನಗುತ್ತೇನೆ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ಉರಿ ಕಡಿಮೆ. ಹೆಸರು ಗ್ರೆಗರ್ ಪಿರಿ. ನಮ್ಮ ಯಜಮಾನರು ಮಾತ್ರ ನನ್ನನ್ನು ಇವತ್ತಿನವರೆಗೂ ಹೆಸರು ಹಿಡಿದು ಕರೆದದ್ದಿಲ್ಲ. "ಏ ಇಸ್ತ್ರಿ" ಅನ್ನುತ್ತಿದ್ದರು.

ಅದಕ್ಕೆ ನಾನು ಸೇಡು ತೀರಿಸಿಕೊಳ್ಳುತ್ತಿದ್ದದ್ದು ಹೀಗೆ: ಅವರು ಗಿರಾಕಿಗಳಿಗೆಂದು ಇಟ್ಟ ಬೆಣ್ಣೆ ಬಿಸ್ಕತ್ತಿನ ಡಬ್ಬಿಯಿಂದ ದಿನಕ್ಕೊಂದು ಕದ್ದು ತಿನ್ನುವುದು. ಅಷ್ಟೇ. ನನ್ನ ಸೇಡಿಗೆ ಬಿಸ್ಕತ್ತಿಗಿಂತ ದೊಡ್ಡ ಆಕಾರ ಬರಲೇ ಇಲ್ಲ. ಆದ್ದರಿಂದಲೇ ಇರಬೇಕು, ಸೇಡನ್ನು ಒಂದು ಸಂಸಾರದಂತೆ ಸಾಕಿದ ಮುರ್ಡೊ ಟಲಕ್‌ನ ಮೇಲೆ ನನಗೆ ಅಷ್ಟೊಂದು ಗೌರವ.

ಮುರ್ಡೊ ನಮ್ಮ ಊರಿನ ಬಸ್ಸಿನ ಡ್ರೈವರ್. ಐವತ್ತೆಂಟರ ವಯಸ್ಸು, ಕೆಂಪು ಕುತ್ತಿಗೆ, ಮುಂದೆ ದೊಡ್ಡ ಹೊಟ್ಟೆ. ಹರೆಯದಿಂದಲೂ ಊರಿನ, ಗಾಳಿಚೀಲದ ವಾದ್ಯ ಊದುವ ಪೈಪ್ ಬ್ಯಾಂಡಿನಲ್ಲಿ ದೊಡ್ಡ ನಗಾರಿ ಅವನದೇ. ಬ್ಯಾಂಡು ಪರದೇಶದ ಉತ್ಸವಗಳಿಗೆ ಹೋದಾಗ ನಗಾರಿಯವರ ನಡುವೆ ಒಂದು ಪದ್ಧತಿ ಇದೆ. ಕೊನೆಯ ದಿನ, ಕುಡಿದು ಮುಗಿಸಿ ಎದ್ದು ಹೊರಡುವ ಮುಂಚೆ, ಸೊಂಟದ ಬೆಲ್ಟು ಬಿಚ್ಚಿ ಎದುರಿನವನಿಗೆ ಕೊಡುವುದು, ಅವನದನ್ನು ತಾನು ಕಟ್ಟಿಕೊಳ್ಳುವುದು. ಪೈಪಿನವರು ಫೋಟೋ ಹೊಡೆಸಿಕೊಳ್ಳುತ್ತಾರೆ, ನಗಾರಿಯವರು ಬೆಲ್ಟು ಬದಲಾಯಿಸಿಕೊಳ್ಳುತ್ತಾರೆ. ಹಾಗೆ ಮುರ್ಡೊನ ಮನೆಯಲ್ಲಿ ಮಲಗುವ ಕೋಣೆಯ ಬಾಗಿಲ ಹಿಂದೆ ಬೆಲ್ಟುಗಳು ಹಾವುಗಳಂತೆ ನೇತಾಡುತ್ತಿದ್ದವು. ಗಲೀಸಿಯಾದವನು ಕೊಟ್ಟ ಕೆಂಪು ಉಣ್ಣೆಯ ನಡುಕಟ್ಟು. ಒಮಾನಿನ ಸೈನ್ಯದ ಬ್ಯಾಂಡಿನವನು ಕೊಟ್ಟ, ಬೆಳ್ಳಿಯ ಎಳೆ ನೇಯ್ದ ಕಠಾರಿಯ ಪಟ್ಟಿ. ಟೆಕ್ಸಸ್‌ನವನು ಕೊಟ್ಟ, ಗೂಳಿಯ ಮೇಲೆ ಕೂತವನ ಚಿತ್ರವಿರುವ, ತಟ್ಟೆಯಷ್ಟಗಲದ ಬಕಲು.

ಅವನ್ನು ಕಿಲ್ಟಿಗೆ ಕೂಡಿಸುವುದರಲ್ಲಿ ಅವನಿಗೆ ಹೆಂಗಸರು ಸೀರೆಗೆ ಕುಪ್ಪಸ ಹುಡುಕುವಷ್ಟು ತಾಳ್ಮೆ. ಕೆಂಪು ನಡುಕಟ್ಟಿಗೆ ಕಡುಹಸಿರು ಚೌಕುಳಿಯ ಕಿಲ್ಟೇ ಆಗಬೇಕು. ಒಮಾನಿನ ಬೆಳ್ಳಿಗೆ, ಮುಂದೆ ತೂಗುವ ಚರ್ಮದ ಚೀಲದ ಅಂಚೂ ಬೆಳ್ಳಿಯದಾಗಬೇಕು, ಹಿತ್ತಾಳೆಯಾದರೆ ಎರಡೂ ಜಗಳವಾಡುತ್ತವೆ. ಬಕಲು ದೊಡ್ಡದಾದರೆ ಚೀಲ ಎರಡು ಬೆರಳು ಕೆಳಗಿಳಿಯಬೇಕು. ಭಾನುವಾರ ಬೆಳಗ್ಗೆ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಎಣ್ಣೆ ತಿಕ್ಕುತ್ತಾ ಕೂತರೆ ಅವನ ಹೆಂಡತಿ ಎಫಿ ಬಾಗಿಲಲ್ಲಿ ನಿಂತು ಹೇಳುವಳು:

"ಆ ಚರ್ಮಕ್ಕೆ ಹಚ್ಚೋ ಎಣ್ಣೆನ ನನ್ನ ಮೊಣಕಾಲಿಗೆ ಹಚ್ಚಿದ್ರೆ ಇಷ್ಟೊತ್ತಿಗೆ ನಾನೂ ಒಂದು ಕುಣಿತ ಕುಣೀತಿದ್ದೆ."

"ನಿನ್ನ ಮೊಣಕಾಲಿಗೆ ಬಕಲಿಲ್ವಲ್ಲೇ," ಅನ್ನುವನು ಮುರ್ಡೊ.

ಇಷ್ಟೇ ಆಗಿದ್ದರೆ ಅವನು ಸುಖವಾಗಿರುತ್ತಿದ್ದ. ಒಂಬತ್ತು ವರ್ಷದ ಹಿಂದೆ ಅವನು, ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಆಟೋಟದ ಜಾತ್ರೆಯಾದ ಗೇಮ್ಸ್ ಮೈದಾನದಲ್ಲಿ, ಚೆನ್ನಾಗಿ ಉಡುಪು ತೊಟ್ಟ ಗಂಡಸರ ಸ್ಪರ್ಧೆಗೆ ನಿಂತುಬಿಟ್ಟ. ಕಂದು ಉಣ್ಣೆಯ ಕಿಲ್ಟು, ಅದರ ಮೇಲೆ ಟೆಕ್ಸಸ್‌ನ ಬಕಲು. ಹುಟ್ಟಿದಾಗಿನಿಂದ ಯಾವುದರಲ್ಲೂ ಬಹುಮಾನ ಬಾರದವನಿಗೆ ಅವತ್ತು ಮನೆಯ ಕನ್ನಡಿಯ ಮುಂದೆ ನಿಂತಾಗ ತಾನೂ ನೋಡುವಂತಿದ್ದೇನೆ ಅನ್ನಿಸಿತಂತೆ. ಪರೀಕ್ಷಕರಾಗಿದ್ದವರು ನಮ್ಮ ಯಜಮಾನ ಫಾರ್ಕರ್ ಡಾಲ್‌ಗ್ಲೀಶ್. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಡಾಲ್‌ಗ್ಲೀಶ್ ಸಾಲಿನ ಉದ್ದಕ್ಕೂ ನಡೆದು ಬಂದು, ಮುರ್ಡೊನ ಸೊಂಟದ ಮುಂದೆ ನಿಂತು, ಬಗ್ಗಿ ನೋಡಿ, ಮೈಕಿನಲ್ಲಿ ಹೇಳಿದರು:

"ಮಹನೀಯರೇ, ಇಲ್ಲೊಬ್ಬ ದನ ಕಾಯೋನು ದಾರಿ ತಪ್ಪಿ ಬಂದುಬಿಟ್ಟಿದ್ದಾನೆ. ಯಾರಾದ್ರೂ ಇವನ ಹಸು ಕಂಡ್ರೆ ದಯವಿಟ್ಟು ತಂದು ಒಪ್ಪಿಸಿ."

ಮೈದಾನವೆಲ್ಲ ನಕ್ಕಿತು. ಚಹಾದ ಡೇರೆಯವರು ಕೈಯಲ್ಲಿ ಕೆಟಲು ಹಿಡಿದೇ ಹೊರಗೆ ಬಂದು ನಕ್ಕರು. ಮರದ ದಿಮ್ಮಿ ಎತ್ತಲು ಹೊರಟಿದ್ದ ಪೈಲ್ವಾನ ದಿಮ್ಮಿ ಕೆಳಗಿಟ್ಟು ನಕ್ಕ. ಆ ನಗುವಿನಲ್ಲೇ ಮುರ್ಡೊನ ಹೆಸರು ಸತ್ತು 'ಕೌಬಾಯ್' ಹುಟ್ಟಿದ. ಶಾಲೆ ಹುಡುಗರು ಬಸ್ಸು ಹತ್ತುವಾಗ ಚಾಟಿ ಬೀಸಿದಂತೆ ಕೈ ಆಡಿಸಿ "ಯೀ ಹಾ" ಅಂದರು. ಅಂಚೆಯವನೂ, ಪಾದ್ರಿಯ ಹೆಂಡತಿಯೂ ಹಾಗೇ ಕರೆದರು. ಕೊನೆಗೆ ಅವನ ತಾಯಿ ತೀರಿಕೊಂಡಾಗ, ಶವಪೆಟ್ಟಿಗೆಯ ಹಗ್ಗವನ್ನು ಕೈಗೆ ಕೊಡುತ್ತಾ ಗುಂಡಿ ತೋಡುವವನು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ: "ತಲೆ ಕಡೆ ನೀನು ಹಿಡ್ಕೊ, ಕೌಬಾಯ್."

ಆ ಕತೆ ಹೇಳುವಾಗ ಮುರ್ಡೊ ಪ್ರತಿ ಸಲವೂ ಅಲ್ಲಿಗೆ ನಿಲ್ಲಿಸುತ್ತಿದ್ದ. ಆಮೇಲೆ ಅವನಿಗೆ ಬೇಕಾದದ್ದು ಒಂದೇ: ಅದೇ ಮೈದಾನ, ಅದೇ ಜನ, ಅದೇ ನಗು, ಡಾಲ್‌ಗ್ಲೀಶ್‌ನ ಮೇಲೆ.

ಅಲ್ಲಿಯವರೆಗೆ ಊರಿನ ಬೆಲ್ಟು ಸೊಂಟಕ್ಕೆ ಕಟ್ಟುವುದಿಲ್ಲ ಎಂದು ಹಟ ಹಿಡಿದ. ಬ್ಯಾಂಡಿನ ಸಮವಸ್ತ್ರದ ಕಪ್ಪು ಬೆಲ್ಟನ್ನು ಬ್ಯಾಂಡಿನ ನಾಯಕಿಯಾದ ಪೈಪ್ ಮೇಜರಿಗೆ ವಾಪಸು ಕೊಟ್ಟ. ಆಕೆ ಬುದ್ಧಿವಂತೆ, ಜಗಳ ಮಾಡಲಿಲ್ಲ. "ಹೇಗೂ ಮುಂದೆ ನಗಾರಿ ಇರುತ್ತೆ, ನಿನ್ನ ಹೊಟ್ಟೆ ಮೇಲೆ ಏನು ಕಟ್ಕೊಂಡ್ರೆ ಯಾರಿಗೆ ಕಾಣುತ್ತೆ, ಕಟ್ಕೊ ಹೋಗು" ಅಂದಳು. ಹಾಗಾಗಿ ಒಂಬತ್ತು ವರ್ಷ ಕಿರ್ಕ್‌ಲಾರಿಯ ಬ್ಯಾಂಡು ಬೀದಿಯಲ್ಲಿ ಹೋಗುವಾಗಲೆಲ್ಲ, ದೊಡ್ಡ ನಗಾರಿಯ ಹಿಂದೆ ಒಮಾನೋ ಗಲೀಸಿಯಾವೋ ಕತ್ತಲಲ್ಲಿ ಮೆರವಣಿಗೆ ಹೋಗುತ್ತಿತ್ತು.

ಈ ವರ್ಷ ಗೇಮ್ಸ್‌ಗೆ ಡಾಲ್‌ಗ್ಲೀಶ್ ಅವರನ್ನೇ ನಾಯಕರಾಗಿ ಆರಿಸಿದರು. ನಾಯಕನಾದವನು ಬ್ಯಾಂಡಿನ ಹಿಂದೆ ಮೈದಾನ ಸುತ್ತಿ, ವೇದಿಕೆ ಹತ್ತಿ, ಭಾಷಣ ಮಾಡಿ ಆಟ ಶುರುಮಾಡಬೇಕು. ಅದಕ್ಕೆ ಅವರು, ತೋಳಿಲ್ಲದ ವೇಸ್ಟ್‌ಕೋಟಿನ ಜತೆ ತೊಡಲೆಂದು, ತಮ್ಮ ಮದುವೆಯ ಕಿಲ್ಟು ಹೊರತೆಗೆದರು. ನಾನು ಇಸ್ತ್ರಿ ಹಾಕುವಾಗ ನೋಡಿದೆ: ಎಡಗಡೆಯ ಚರ್ಮದ ಪಟ್ಟಿ ಅಡ್ಡಡ್ಡ ಬಿರಿದಿತ್ತು, ಬಲಗಡೆಯ ಹೊಲಿಗೆ ಹಲ್ಲು ಬಿಟ್ಟಿತ್ತು. ಕಿಲ್ಟನ್ನು ಸೊಂಟದಲ್ಲಿ ನಿಲ್ಲಿಸುವುದು ಈ ಪಕ್ಕದ ಪಟ್ಟಿಗಳೇ. ಮೇಲೆ ಕಟ್ಟುವ ಬೆಲ್ಟು ಬರೀ ಅಂದಕ್ಕೆ.

"ಮಿಸ್ಟರ್ ಡಾಲ್‌ಗ್ಲೀಶ್, ಈ ಪಟ್ಟಿ ಬದಲಾಯಿಸಿ, ಬಕಲನ್ನ ಒಂದು ಇಂಚು ಈಚೆಗೆ ಹೊಲೀಲಾ?"

"ಈಚೆಗೆ ಯಾಕೆ?"

"ಸ್ವಲ್ಪ ಸಡಿಲ ಆಗ್ಲಿ ಅಂತ."

"ಇದು ನನ್ನ ಮದುವೆಗೆ ಹೊಲಿಸಿದ್ದು. ಅವತ್ತಿನ ಸೊಂಟವೇ ಇವತ್ತೂ ಇರೋದು. ನಿನ್ನ ಸೂಜಿ ನಿನ್ನ ಹತ್ರಾನೇ ಇರಲಿ."

"ಹಾಗಾದ್ರೆ ಮೇಲೊಂದು ಬೆಲ್ಟಾದ್ರೂ ಬಿಗಿಯಾಗಿ..."

ಅವರು ನನ್ನನ್ನು, ಸೂಪಿನಲ್ಲಿ ಬಿದ್ದ ನೊಣ ನೋಡುವಂತೆ ನೋಡಿದರು. "ವೇಸ್ಟ್‌ಕೋಟಿನ ಜತೆ ಬೆಲ್ಟು? ನಾಲ್ಕು ವರ್ಷ ಈ ಅಂಗಡೀಲಿದ್ದು ಕಲಿತದ್ದು ಇದಾ? ವೇಸ್ಟ್‌ಕೋಟು ತೊಟ್ರೆ ಬೆಲ್ಟಿಲ್ಲ. ಬೆಲ್ಟು ಕಟ್ಟಿದ್ರೆ ವೇಸ್ಟ್‌ಕೋಟಿಲ್ಲ. ಎರಡನ್ನೂ ಒಟ್ಟಿಗೆ ಹಾಕೋನು ಬೂಟಿನ ಮೇಲೆ ಕಾಲುಚೀಲ ಹಾಕೋನಿಗೆ ಸಮ. ಇಸ್ತ್ರಿ ಹಾಕು ಹೋಗು."

ನಿಯಮವೇನೋ ಸರಿಯೇ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ ಅದು. ನಾನು ಹೋಗಿ ಇಸ್ತ್ರಿ ಹಾಕಿದೆ, ಎರಡು ಬಿಸ್ಕತ್ತು ತಿಂದೆ.

ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ ಮುರ್ಡೊನ ಹಿಂದಿನ ಸೀಟಿನಲ್ಲಿ ಕೂತು, ಬರೀ ಹೊಟ್ಟೆಯುರಿ ಹೊರಹಾಕಲು, ಇದನ್ನು ಹೇಳಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಹೊಲೀತೀನಿ ಅಂತ ಹೇಳಿದೆ ತಾನೇ ಮಗಾ?"

"ಹೇಳಿದೆ."

"ಬೇಡ ಅಂದ?"

"ಬೇಡ ಅಂದ್ರು."

"ಬೆಲ್ಟು ಕಟ್ಟಲ್ಲ ಅಂದ?"

"ವೇಸ್ಟ್‌ಕೋಟಿದೆಯಲ್ಲ, ಹೇಗೆ ಕಟ್ತಾರೆ?"

ಬಸ್ಸು ಆಸ್ಪತ್ರೆಯ ಸ್ಟಾಪು ದಾಟಿ ಮುಂದೆ ಹೋಯಿತು. ಹಿಂದಿನಿಂದ ಮುದುಕಿಯೊಬ್ಬಳು ಕೋಲು ಕುಟ್ಟಿ "ಏ ಕೌಬಾಯ್, ಕುದುರೆ ನಿಲ್ಸೋ!" ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿತೋ. ಅವನ ಬೆರಳುಗಳು ಸ್ಟಿಯರಿಂಗಿನ ಮೇಲೆ ಮೆರವಣಿಗೆಯ ತಾಳ ಹಾಕುತ್ತಿದ್ದವು. ಮೊದಲು ನಿಧಾನಕ್ಕೆ. ಆಮೇಲೆ ಸ್ವಲ್ಪ ಬೇಗ. ಆಮೇಲೆ ಇನ್ನೂ ಬೇಗ.

ಗೇಮ್ಸ್ ದಿನ ಬೆಳಗ್ಗೆ ಹೇಳಿ ಮಾಡಿಸಿದಂತೆ ಜಿನುಗು ಮಳೆ. ನನ್ನ ಕೆಲಸ ಯಜಮಾನರ ಹಿಂದೆ ಛತ್ರಿ ಹಿಡಿದು ನಡೆಯುವುದು. ಮೈದಾನದ ಬಾಗಿಲಲ್ಲಿ ಬ್ಯಾಂಡು ನಿಂತಿತ್ತು. ಮುರ್ಡೊ ನಗಾರಿ ಹೊರುವ ಮುಂಚೆ ನನ್ನನ್ನು ಕರೆದು ಕೋಟು ಸರಿಸಿ ತೋರಿಸಿದ. ಗೇಣಗಲದ ಕಂದು ಚರ್ಮ, ಅದರ ತುಂಬ ಹೂವಿನ ಅಚ್ಚು, ಮುಂದೆ ಒಂದರ ಕೆಳಗೊಂದು ನಾಲ್ಕು ಪುಟ್ಟ ಬಕಲು. ರೊಮೇನಿಯಾದ ಕುರುಬರು ಕಟ್ಟುವ ಬೆಲ್ಟು ಅದಂತೆ. ಹಿಂದಿನ ಬೇಸಿಗೆಯಲ್ಲಿ ಅಲ್ಲಿಯ ನಗಾರಿಯವನೊಬ್ಬನ ಸೊಂಟದಿಂದ ಬಂದದ್ದು.

"ಇದನ್ನ ಕಟ್ಕೊಂಡು ಅವ್ರು ಕುರಿ ಹೊರ್ತಾರೆ. ಬೆನ್ನು ನೋಯಲ್ಲ," ಅಂದ. "ಇವತ್ತು ನಾನೂ ಒಂದು ಕುರಿ ಹೊರಬೇಕಲ್ಲ."

ಬ್ಯಾಂಡು ಹೊರಟಿತು. ಹಿಂದೆ ಡಾಲ್‌ಗ್ಲೀಶ್, ಗರಿಯ ಟೋಪಿ, ಬೆಳ್ಳಿ ಗುಂಡಿಯ ವೇಸ್ಟ್‌ಕೋಟು, ಕೈಯಲ್ಲಿ ಕೊಂಬಿನ ಹಿಡಿಯ ಕೋಲು. ಅವರ ಹಿಂದೆ ನಾನು. ಮೊದಲ ಮೂಲೆಯವರೆಗೆ ಎಲ್ಲ ಎಂದಿನಂತೆ ಇತ್ತು. ಎರಡನೆಯ ಮೂಲೆಯಲ್ಲಿ ನಗಾರಿ ಕೊಂಚ ಮುಂದಾಯಿತು. ಬ್ಯಾಂಡಿನಲ್ಲಿ ಪೈಪು ಏನೇ ಹಾಡಲಿ, ಕಾಲು ಕೇಳುವುದು ದೊಡ್ಡ ನಗಾರಿಯ ಮಾತನ್ನೇ. ಪೈಪ್ ಮೇಜರ್ ತಿರುಗಿ ನೋಡಿದಳು. ಮುರ್ಡೊ ಆಕಾಶ ನೋಡುತ್ತಿದ್ದ. ಮೂರನೆಯ ಮೂಲೆಗೆ ಬರುವಷ್ಟರಲ್ಲಿ ಪೈಪಿನವರ ಕೆನ್ನೆ ಕೆಂಪಾಗಿತ್ತು, ಮುಂದಿನ ಸಾಲಿನವರು ಹೆಚ್ಚುಕಡಿಮೆ ಓಡುತ್ತಿದ್ದರು, ನಮ್ಮ ಯಜಮಾನರು ಗರಿ ಕುಣಿಸುತ್ತಾ ಕುಪ್ಪಳಿಸುತ್ತಿದ್ದರು. ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟಾಗ ಟಪ್ ಎಂದು ಒಂದು ಸದ್ದು. ಚರ್ಮ. ಮೇಲಿನ ಮೆಟ್ಟಿಲಲ್ಲಿ ಪರ್ ಎಂದು ಇನ್ನೊಂದು. ಹೊಲಿಗೆ.

ಡಾಲ್‌ಗ್ಲೀಶ್ ಕೋಲು ಬಿಟ್ಟು ಎರಡೂ ಕೈಯಿಂದ ಸೊಂಟ ಹಿಡಿದುಕೊಂಡರು. ಎದುರಿಗೆ ಮೈಕು. ಅದನ್ನು ಸ್ಟ್ಯಾಂಡಿನಿಂದ ತೆಗೆದು ಹಿಡಿಯಲು ಕೈ ಬೇಕು, ಟೋಪಿ ತೆಗೆದು ಜನಕ್ಕೆ ವಂದಿಸಲು ಕೈ ಬೇಕು. ಜನ ಕಾಯುತ್ತಿದ್ದರು.

ಮುರ್ಡೊ ನಗಾರಿಯನ್ನು ಹುಲ್ಲಿನ ಮೇಲಿಟ್ಟ. ಒಂಬತ್ತು ವರ್ಷದ ಮೇಲೆ ಮೊದಲ ಸಲ ಊರು ಅವನ ಸೊಂಟ ನೋಡಿತು. ಅವನು ಮೆಟ್ಟಿಲು ಹತ್ತಿ ಪಕ್ಕದಲ್ಲಿ ನಿಂತ.

"ಏನೋ ಫಾರ್ಕರ್, ಹೊಟ್ಟೆ ನೋವಾ?"

"ಮುರ್ಡೊ," ಅಂದರು ಯಜಮಾನರು, ತುಟಿ ಅಲುಗಿಸದೆ. "ದಯವಿಟ್ಟು. ನಿನ್ನ ಬೆಲ್ಟು."

"ಕೇಳಿಸ್ಲಿಲ್ಲ. ಮೈಕಿಗೆ ಹೇಳು."

"ಮುರ್ಡೊ, ಬೇಡ ಕಣೋ."

"ಸರಿ, ಬೇಡ ಅಂದ್ರೆ ಬಿಡು." ಅವನು ತಿರುಗಿದ.

ಡಾಲ್‌ಗ್ಲೀಶ್ ಮೈಕಿನತ್ತ ಬಗ್ಗಿದರು. ಧ್ವನಿವರ್ಧಕದಲ್ಲಿ ಇಡೀ ಕಣಿವೆಗೆ ಕೇಳಿಸಿತು: "ನನಗೊಂದು ಬೆಲ್ಟು ಬೇಕಾಗಿದೆ."

"ಯಾರದು?"

"ಮುರ್ಡೊ ಟಲಕ್‌ನದು."

"ವೇಸ್ಟ್‌ಕೋಟಿನ ಮೇಲೆ ಕಟ್ಬಹುದಾ?"

ಅಲ್ಲಿ ಅವರು ತಡೆದರು. ನಾನು ಹಿಂದೆ ನಿಂತಿದ್ದೆ, ಅವರ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. "ಕಟ್ಟಬಹುದು," ಅಂದರು.

ಮುಂದಿನ ಸಾಲಿನಲ್ಲಿ ಕಿಸಕ್ಕೆಂದಿತು. ಮುರ್ಡೊ ತನ್ನ ಬೆಲ್ಟು ಬಿಚ್ಚಿ ಅವರ ಸುತ್ತ ಬಳಸಿ ನಾಲ್ಕು ಬಕಲೂ ಹಾಕಿದ. ಬೆಳ್ಳಿ ಗುಂಡಿಗಳ ಮೇಲೆ ಕುರುಬರ ಚರ್ಮ. ನಗು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಉಸಿರು ಹಿಡಿದೆ.

ನಮ್ಮ ಯಜಮಾನರು ಹುಟ್ಟು ವ್ಯಾಪಾರಿ ಎನ್ನುವುದನ್ನು ನಾವಿಬ್ಬರೂ ಮರೆತಿದ್ದೆವು. ಕೈ ಬಿಡುವಾದದ್ದೇ ತಡ, ಮೈಕು ಎತ್ತಿಕೊಂಡರು.

"ಗೆಳೆಯರೇ! ಇದು ನಾನೂ ನನ್ನ ಬಾಲ್ಯದ ಗೆಳೆಯನೂ ಸೇರಿ ನಿಮಗೆ ತೋರಿಸಬೇಕೆಂದಿದ್ದ ಸಣ್ಣ ಆಟ. ಹಿಂದೊಮ್ಮೆ ಇದೇ ಮೈದಾನದಲ್ಲಿ ಇವನ ಬೆಲ್ಟಿಗೆ ನಾನು ನಕ್ಕಿದ್ದೆ. ಇವತ್ತು ಅದೇ ಸ್ನೇಹಿತನ ಬೆಲ್ಟನ್ನು ಹೆಮ್ಮೆಯಿಂದ ಕಟ್ಟಿದ್ದೇನೆ. ಜಗತ್ತು ದೊಡ್ಡದು, ನಮ್ಮ ಕಿಲ್ಟಿನಲ್ಲಿ ಎಲ್ಲ ದೇಶದ ಬೆಲ್ಟಿಗೂ ಜಾಗವಿದೆ!"

ಚಪ್ಪಾಳೆ ಗುಡುಗಿತು. ಪಾದ್ರಿಯ ಹೆಂಡತಿ ಕಣ್ಣೊರೆಸಿಕೊಂಡಳು. ನಾಚಿಕೆಗೇಡು, ನಾನೂ ಛತ್ರಿ ಮಡಚಿ ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದೆ. ನಾನು ಎಂಥ ಬಿಕನಾಸಿ ಎಂದು ಇದರಲ್ಲೇ ತಿಳಿಯಬಹುದು. "ಸೋಮವಾರದಿಂದ ನಮ್ಮ ಅಂಗಡಿಯಲ್ಲಿ ದೇಶ ವಿದೇಶದ ಬೆಲ್ಟುಗಳು ಬಾಡಿಗೆಗೆ ಸಿಗುತ್ತವೆ," ಎಂದೂ ಸೇರಿಸಿದರು.

ಮುರ್ಡೊ ಬರಿ ಸೊಂಟದಲ್ಲಿ ನಿಂತಿದ್ದ. ಒಂಬತ್ತು ವರ್ಷ ಬೆಂಕಿ ಆರದಂತೆ ಕಾದವನ ಎದುರಿಗೆ ಬೇರೆ ಯಾರೋ ಬಂದು ಅದರಲ್ಲಿ ಚಹಾ ಕಾಯಿಸಿಕೊಂಡು ಕುಡಿದಂತಿತ್ತು. ಆಗಲೂ ಅವನು ಇಳಿದು ಹೋಗಿಬಿಡುತ್ತಿದ್ದನೇನೋ. ಗುಂಪಿನಿಂದ ಯಾರೋ ಖುಷಿಯಿಂದ ಕೂಗಿದರು:

"ಅಪ್ಪಿಕೊಳ್ಳೋ ಕೌಬಾಯ್!"

ಮುರ್ಡೊ ಮುಗುಳ್ನಕ್ಕ. ತೋಳು ಅಗಲಿಸಿ ಹತ್ತಿರ ಹೋದ. ಯಜಮಾನರೂ ತೋಳು ಅಗಲಿಸಿದರು, ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಮೈಕು. ಮುರ್ಡೊನ ಕೈಗಳು ಅವರ ಹೆಗಲಿಗೆ ಹೋಗಲಿಲ್ಲ.

"ಭಾಷಣ ಮುಗೀತಲ್ಲ ಫಾರ್ಕರ್," ಅಂದ. ಮೈಕು ಅದನ್ನೂ ಊರಿಗೆ ಹೇಳಿತು. "ನನ್ನ ಬೆಲ್ಟು ನನಗೆ ಕೊಡು."

ಮೇಲಿನ ಬಕಲು ಬಿಚ್ಚಿತು. ಆಮೇಲೆ ಅದರ ಕೆಳಗಿನದು. ಅವಸರವೇ ಇರಲಿಲ್ಲ ಅವನಿಗೆ. ಭಾನುವಾರ ಬೆಳಗ್ಗೆ ಎಣ್ಣೆ ತಿಕ್ಕುವಾಗಿನ ಅದೇ ತಾಳ್ಮೆ. ಡಾಲ್‌ಗ್ಲೀಶ್ "ಮುರ್ಡೊ, ಮುರ್ಡೊ" ಎನ್ನುತ್ತಿದ್ದರು, ಮೈಕಿನಲ್ಲೇ. ಮೂರನೆಯದು ಬಿಚ್ಚಿದಾಗ ಅವರು ಟೋಪಿ ಎಸೆದು ಕೈ ಕೆಳಗೆ ತಂದರು, ತಡವಾಗಿತ್ತು. ನಾಲ್ಕನೆಯದರ ಜತೆ ಮದುವೆಯ ಕಿಲ್ಟು, ನಾನು ಮೂರು ಸಲ ಇಸ್ತ್ರಿ ಹಾಕಿದ ಅಷ್ಟೂ ನಿರಿಗೆ ಸಮೇತ, ಪಾದದ ಸುತ್ತ ಕುಸಿದು ಕೂತಿತು. ಮೇಲೆ ಬೆಳ್ಳಿ ಗುಂಡಿ, ಕೆಳಗೆ ತೊಡೆಯವರೆಗೆ ಜೋತುಬಿದ್ದ ಬಿಳಿ ಅಂಗಿಯ ತುದಿ, ಅದರ ಕೆಳಗೆ ಕೋಳಿಕಾಲು.

"ಇಸ್ತ್ರಿ! ಛತ್ರಿ!" ಎಂದು ಕಿರುಚಿದರು.

ಅವರು ಅಂದದ್ದು, ಮುಂದೆ ಅಡ್ಡ ಹಿಡಿ ಅಂತ. ನಾಲ್ಕು ವರ್ಷದ ಅಭ್ಯಾಸ, ಮಳೆ ಬೇರೆ ಜಿನುಗುತ್ತಿತ್ತು, ನಾನು ಓಡಿಹೋಗಿ ಛತ್ರಿ ಬಿಚ್ಚಿ ತಲೆಯ ಮೇಲೆ ಹಿಡಿದೆ. ಗರಿಯ ಟೋಪಿ ಕಳೆದುಕೊಂಡ ತಲೆ ಒಂದು ಹನಿಯೂ ನೆನೆಯಲಿಲ್ಲ.

ಆಗ ಬಂತು ನಗು. ಮೈದಾನದ ಒಂದು ಬದಿಯಿಂದ ಎದ್ದು ಇನ್ನೊಂದು ಬದಿಗೆ ಹೊರಳಿತು. ಪೈಪೊಂದರ ಚೀಲದಿಂದ ಯಾರೋ ತಡೆಯಲಾರದೆ ಗಾಳಿ ಬಿಟ್ಟರು, ಅದಕ್ಕೂ ನಕ್ಕರು. ಯಜಮಾನರು ನನ್ನ ಕೈಯಿಂದ ಛತ್ರಿ ಕಸಿದು ಮುಂದೆ ಹಿಡಿದುಕೊಂಡು, ಕಿಲ್ಟನ್ನು ಕಾಲಲ್ಲಿ ಎಳೆದುಕೊಂಡೇ ಮೆಟ್ಟಿಲಿಳಿದರು. ಇಳಿಯುವಾಗ ನನಗೆ ಹೇಳಿದ ಮಾತನ್ನು ಬರೆಯುವಂತಿಲ್ಲ. ತಿರುಳು ಇಷ್ಟು: ಸೋಮವಾರ ಅಂಗಡಿ ಕಡೆ ಮುಖ ಹಾಕಬೇಡ.

ಮುರ್ಡೊ ಮಾತ್ರ ನಗಲಿಲ್ಲ. ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು, ತಲೆ ವಾಲಿಸಿ, ಎಂಜಿನ್ನಿನ ಸದ್ದು ಕೇಳುವ ಡ್ರೈವರನ ಹಾಗೆ ಆ ನಗುವನ್ನೇ ಕೇಳುತ್ತಿದ್ದ. ಅದು ನಿಂತಮೇಲೂ ಸ್ವಲ್ಪ ಹೊತ್ತು ಕೇಳುತ್ತಲೇ ಇದ್ದ.

ಚಹಾದ ಡೇರೆಯಲ್ಲಿ ಎಫಿ ಅವನ ಮುಂದೆ ಮಾಂಸದ ಕಡುಬು ಇಟ್ಟಳು. ಬಂದವರೆಲ್ಲ ಬೆನ್ನು ತಟ್ಟಿ ಹೋದರು: "ಭಲೇ ಕೌಬಾಯ್!" "ನಾಲ್ಕು ಬಕಲು, ಕೌಬಾಯ್!" ಪ್ರತಿ ಸಲವೂ ಅವನ ದವಡೆ ಒಮ್ಮೆ ಬಿಗಿಯುತ್ತಿತ್ತು.

"ಈಗಲಾದ್ರೂ ತಣ್ಣಗಾಯ್ತಾ ಹೊಟ್ಟೆ?" ಎಂದಳು ಎಫಿ.

"ಚಿಕ್ಕದಾಯ್ತು."

"ಏನು ಚಿಕ್ಕದಾಯ್ತು, ಕಡುಬಾ?"

"ನಗು. ನನಗೆ ನಕ್ಕಿದ್ದು ಇದಕ್ಕಿಂತ ಜಾಸ್ತಿ ಹೊತ್ತು. ಅವತ್ತು ಈ ಡೇರೆಯವರೂ ಹೊರಗೆ ಬಂದಿದ್ರು. ಇವತ್ತು ಬರಲಿಲ್ಲ, ನಾನು ನೋಡ್ತಾನೇ ಇದ್ದೆ."

"ಮಳೆ ಬರ್ತಿತ್ತಲ್ಲೋ ಮಾರಾಯ!"

"ಅವತ್ತೂ ಬರ್ತಿತ್ತು."

ಎಫಿ ಕೈ ಚೆಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತಾ ಕೂತಳು. ಮುರ್ಡೊ ಕಡುಬು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ. ಸ್ವಲ್ಪ ಹೊತ್ತು ಅಗಿದು, ನನ್ನ ಕಡೆ ವಾಲಿ, ದನಿ ತಗ್ಗಿಸಿ ಕೇಳಿದ:

"ಅವನ ಹತ್ರ ಇನ್ನೊಂದು ಕಿಲ್ಟಿದೆಯಲ್ಲ ಮಗಾ, ಚರ್ಚಿಗೆ ಹಾಕೋದು. ಅದರ ಪಟ್ಟಿ ಹೇಗಿದೆ?"

"ನನಗೆ ಹೇಗೆ ಗೊತ್ತಾಗುತ್ತೆ? ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರಲ್ಲ."

ಮುರ್ಡೊನ ಮುಖ ನಿಜವಾಗಿಯೂ ಸೊರಗಿತು. ಅಷ್ಟು ವರ್ಷದ ಪರಿಚಯದಲ್ಲಿ ಅವನು ನನಗಾಗಿ ಮರುಗಿದ್ದು ಅದೇ ಮೊದಲು.

"ಛೆ," ಅಂದ. "ಇನ್ನೊಂದು ವಾರ ತಡ್ಕೊಂಡಿದ್ರೆ ಆಗ್ತಿರ್ಲಿಲ್ವಾ ಅವನಿಗೆ."